ಟೆಂಟಿನಿಂದ ವಾಪಸ್ಸು ಬಂದ ಗಿಣ್ಣು

ನಿನ್ನೆ ಸೊಸೆ ಗಿಣ್ಣು ಕಾಯಿಸಿದಳು. ಕರು ಹಾಕಿದ ಹಸುವಿನ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಬಿದ್ದು ಘಮ್ಮೆಂದದ್ದೇ ತಡ, ಸಾಲಗಾಮೆ ಹತ್ತಿರದ ನಮ್ಮ ಹಳೇ ತೊಟ್ಟಿಮನೆ ಕಣ್ಣ ಮುಂದೆ ಎದ್ದು ನಿಂತಿತು. ಈಗ ಅದರ ಅಡಿಪಾಯವೂ ಉಳಿದಿಲ್ಲ. ನಿಮಗೂ ಅಂಥದೊಂದು ಮನೆ ಇದ್ದಿರಬೇಕು, ವಾಸನೆಯಲ್ಲಿ ಮಾತ್ರ ಉಳಿದದ್ದು. ನಮ್ಮಲ್ಲಿ ಮೊದಲ ಗಿಣ್ಣು ಮಕ್ಕಳ ಬಾಯಿಗಲ್ಲ, ಹೊಲದಂಚಿನ ವೀರಗಲ್ಲಿಗೆ. ಊರ ದನ ಹೊಡೆದುಕೊಂಡು ಹೋಗುತ್ತಿದ್ದವರಿಗೆ ಅಡ್ಡ ನಿಂತು ಸತ್ತವನು ಆ ಕಲ್ಲಿನಲ್ಲಿದ್ದ. ಅವನ ಪಕ್ಕೆಗೆ ಬಾಣ ನಾಟಿದ ಕಡೆ ಒಂದು ಗುಳಿ. ನಮ್ಮಜ್ಜಿ ಅದಕ್ಕೆ ಬೆರಳಿನಿಂದ ಗಿಣ್ಣು ಮೆತ್ತಿ, ಗಾಯಕ್ಕೆ ಮದ್ದು ಹಚ್ಚುವವಳ ಹಾಗೆ ಮೆಲ್ಲಗೆ ಸವರುತ್ತಿದ್ದಳು.

ಹಾಸನದಲ್ಲಿ ಹೈಸ್ಕೂಲು ಓದಿ ಬಂದ ಚಿಕ್ಕಪ್ಪನಿಗೆ ಆ ಕಲ್ಲು ಕಾಲುವೆಗೆ ಅಡ್ಡ ಹಾಸಲು ಬೇಕಿತ್ತು. "ಅದ್ರ ಮ್ಯಾಲೆ ಒಂದಕ್ಷರ ಇಲ್ಲ ಕಣವ್ವ. ಚರಿತ್ರೆ ಅಲ್ಲ ಅದು, ಅಡಗೂಲಜ್ಜಿ ಕತೆ" ಅನ್ನುತ್ತಿದ್ದ. ಅವನು ಕಲ್ಲು ಕೀಳಲು ಹೊರಟ ವಾರವೇ ಸಾಲಗಾಮೆಗೆ ಟೆಂಟ್ ಸಿನಿಮಾ ಬಂತು. ದನ ಕಾಯ್ದ ಹಳೇ ಕಾಲದ ವೀರನ ಕತೆ ಎಂದು ತಮಟೆ ಬಡಿದು ಸಾರಿದರು. ಅಜ್ಜಿಯ ಮುಖ ಅರಳಿತು. "ನೋಡ್ದೇನ್ಲಾ, ನಮ್ಮೋನ್ನೇ ಸಿನ್ಮಾ ತೆಗ್ದವ್ರೆ! ಬಾ, ತೋರುಸ್ತೀನಿ. ಆಮ್ಯಾಕೆ ನೀನು ಕಲ್ಲು ಮುಟ್ಟಂಗಿಲ್ಲ." ಚಿಕ್ಕಪ್ಪ ನಗುತ್ತಲೇ ಒಪ್ಪಿದ. ಅವತ್ತೇ ನಮ್ಮ ಹಸು ಗೌರಿ ಕರು ಹಾಕಿದ್ದಳು. ಅಜ್ಜಿ ಹಿತ್ತಾಳೆ ಡಬ್ಬಿಯಲ್ಲಿ ಗಿಣ್ಣು ತುಂಬಿಕೊಂಡು ಗಾಡಿ ಹತ್ತಿದಳು, ಪರದೆಯ ವೀರನಿಗೆ ಹಚ್ಚಲು.

ಮರಳ ಮೇಲೆ ಕೂತು ನೋಡಿದೆವು. ವೀರ ಬಾಣ ತಿಂದು ಬಿದ್ದ. ಅಜ್ಜಿ ಕಣ್ಣೊರೆಸಿಕೊಂಡು, ಡಬ್ಬಿಯ ಮುಚ್ಚಳ ತೆಗೆದು ಎದ್ದಳು. ಅಷ್ಟರಲ್ಲಿ ಆಕಾಶದಿಂದ ದೇವರು ಇಳಿದು ಕೈಯಾಡಿಸಿದ; ವೀರ ಮೀಸೆ ತಿರುವುತ್ತ ಎದ್ದು ಕೂತ. ಟೆಂಟೆಲ್ಲ ಸಿಳ್ಳೆ.

"ಲೇ, ಯಾಕ್ಲಾ ಎಬ್ಬುಸ್ತೀರಿ ಅವನ್ನ?" ಅಜ್ಜಿ ನಿಂತಲ್ಲೇ ಕೂಗಿದಳು. "ತಿರ್ಗ ಏಳಾಕಿಲ್ಲ ಅಂತ ಗೊತ್ತಿದ್ದೂ ನುಗ್ಗಿದ್ನಲ್ಲ, ಅದ್ಕೇ ಕಣ್ರಲಾ ಅವ್ನು ದೊಡ್ಡೋನು!"

"ಕೂತ್ಕಳಮ್ಮೋ, ಸಿನ್ಮಾ ಬದ್ಲು ನಿನ್ ತುರುಬೇ ಕಾಣ್ತದೆ!" ಎಂದು ಹಿಂದಿನವರು ಅರಚಿದರು.

ಗಾಡಿಯಲ್ಲಿ ಚಿಕ್ಕಪ್ಪ ಕೆಣಕಿದ: "ನೀನು ಸೋತೆ ಕಣವ್ವ. ಸಿನ್ಮಾದೋನಿಗಾದ್ರೂ ಒಂದು ಹೆಸರೈತೆ."

"ಹೆಸರಿಲ್ದೋರು ಸಾಯಾಕಿಲ್ವೇನ್ಲಾ? ನಿನ್ ಬುಕ್ಕಲ್ಲಿ ನಿಮ್ಮಪ್ಪನ ಹೆಸರೈತಾ? ಅವ್ರು ಇರ್ಲೇ ಇಲ್ವಾ?"

ಬೆಳಗಾಗುತ್ತಲೇ ಅಜ್ಜಿ ಅದೇ ಗಿಣ್ಣನ್ನು ಕಲ್ಲಿನ ಗುಳಿಗೆ ಮೆತ್ತಿ, ಕಲ್ಲಿಗೇ ಬೆನ್ನು ಕೊಟ್ಟು ಕೂತಳು. ಹಾರೆ ಹಿಡಿದು ಬಂದ ಚಿಕ್ಕಪ್ಪ ಅದನ್ನು ಬದುವಿಗೆ ಒರಗಿಸಿ ಅವಳ ಪಕ್ಕ ಕೂತ. "ಸರಿ ಬುಡವ್ವ. ನಂಗೂ ಒಂಚೂರು ಗಿಣ್ಣು ಕೊಡು" ಅಂದ.

ಅಜ್ಜಿ ಹೋದಳು, ಚಿಕ್ಕಪ್ಪನೂ ಹೋದ. ಮನೆ ಪಾಲಾಗಿ, ಬಿದ್ದು, ಮಣ್ಣಾಯಿತು. ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟ ನನಗೆ ಪುರಾಣ ಯಾವುದು, ಚರಿತ್ರೆ ಯಾವುದು ಎಂದು ವಾದ ಮಾಡಲು ಬರುವುದಿಲ್ಲ. ಬರದಿದ್ದರೆ ಬೇಡ! ಈಗಿನ ಸಿನಿಮಾ ವೀರರು ಬೆಟ್ಟವನ್ನೇ ಎತ್ತುತ್ತಾರಂತೆ, ಎತ್ತಿಕೊಳ್ಳಲಿ. ನಿನ್ನೆ ಗಿಣ್ಣಿನ ತಟ್ಟೆ ಕೈಗೆ ಬಂದಾಗ ಈ ಕತೆ ಕೇಳುತ್ತಲೇ ಬೆಳೆದ ನನ್ನ ಮೊಮ್ಮಗಳು, ಯಾರೂ ನೆನಪಿಸದೆಯೇ, "ತಾತ, ಮೊದ್ಲು ಅವ್ನಿಗೆ ಅಲ್ವಾ?" ಅಂದಳು. ಅವಳನ್ನು ಎತ್ತಿಕೊಂಡು ಕುಣಿಯುವಷ್ಟು ಹಿಗ್ಗಾಯಿತು ನನಗೆ, ಮಂಡಿ ಬಿಡಬೇಕಲ್ಲ. ಇಬ್ಬರೂ ಹೊಲಕ್ಕೆ ನಡೆದೆವು. ಕಲ್ಲಿನವನ ಮುಖ ಸವೆದು ಕಣ್ಣು, ಮೂಗು ಒಂದೂ ಉಳಿದಿಲ್ಲ. ಪಕ್ಕೆಯ ಗುಳಿ ಮಾತ್ರ ನುಣ್ಣಗಿದೆ. ನಮ್ಮಜ್ಜಿಯ ಬೆರಳು, ಅವಳ ಅತ್ತೆಯ ಬೆರಳು, ಅವರ ಹಿಂದಿನವರ ಬೆರಳು ಸವರಿ ಸವರಿ ಆಳವಾದ ಆ ಜಾಗದಲ್ಲಿ ಮೊಮ್ಮಗಳ ಪುಟ್ಟ ಬೆರಳು ಹೋಗಿ ಕೂತಿತು.