ಎಡಗಿವಿ ತೆರೆಯುವವರೆಗೆ

ಲಗ್ಗೆರೆಯ ನಮ್ಮ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ. ಅಪ್ಪ ಪೀಣ್ಯದ ಪ್ರೆಸ್ ಶಾಪೊಂದರಲ್ಲಿ ದುಡಿದು ನಿವೃತ್ತರಾದವರು. ತಗಡನ್ನು ಒತ್ತಿ ಕತ್ತರಿಸುವ ಯಂತ್ರಗಳ ನಡುವೆ ನಿಂತೂ ನಿಂತೂ ಅವರ ಕಿವಿಗಳು ಹೋದವು. ಬಲಗಡೆ ಸ್ವಲ್ಪ ಉಳಿದಿದೆ, ಎಡಗಡೆ ಏನೂ ಇಲ್ಲ. ಹಾಗಾಗಿ ಅಕ್ಕ ಕೂಗುತ್ತಾಳೆ, ಭಾವ ಕೂಗುತ್ತಾರೆ, ಟಿ.ವಿ. ಅವರಿಬ್ಬರಿಗಿಂತ ಜೋರಾಗಿ ಕೂಗುತ್ತದೆ. ಈ ಸಲ ನಾನು ಊರಿಗೆ ಬಂದಾಗ ನನ್ನ ಎಡಗಿವಿಯೂ ಮುಚ್ಚಿಕೊಂಡಿತ್ತು.

ನಾನು ಥಾಯ್ಲೆಂಡಿನ ಒಂದು ಸಣ್ಣ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಕಲಿಸುತ್ತೇನೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಹೊಸಬರನ್ನು ಸಮುದ್ರದೊಳಗೆ ಕರೆದುಕೊಂಡು ಹೋಗುವುದು, ಅಷ್ಟೂ ಜನರನ್ನು ಮೇಲೆ ತರುವುದು ನನ್ನ ಕೆಲಸ. ಅದಕ್ಕೆ ಮೊದಲು ಬೆಂಗಳೂರಿನ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ವರದಿಗಳನ್ನು ತಿದ್ದುತ್ತಿದ್ದೆ. ಭಾನುವಾರದ ಪುರವಣಿಗೆ ಡೈವಿಂಗ್ ಬಗ್ಗೆ ಲೇಖನ ಬೇಕೆಂದು ಒಮ್ಮೆ ಮುರುಡೇಶ್ವರಕ್ಕೆ ಕಳಿಸಿದರು. ನೀರಿನೊಳಗೆ ಹೋಗಿಬಂದು ಲೇಖನ ಕೊಟ್ಟೆ. ಆಮೇಲೆ ರಜೆ ಹಾಕಿ ಮತ್ತೆ ಹೋದೆ. ರಜೆಗಳು ಮುಗಿದ ಮೇಲೆ ಕೆಲಸ ಬಿಟ್ಟು ಹೋದೆ.

ಕಿವಿಗೆ ಪೆಟ್ಟಾದದ್ದು ಹೀಗೆ. ನೀರಿನಲ್ಲಿ ಕೆಳಗೆ ಇಳಿದಷ್ಟೂ ಕಿವಿಯ ಮೇಲೆ ಒತ್ತಡ ಹೆಚ್ಚುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿದರೆ ಒಳಗಿನಿಂದ ಗಾಳಿ ಹೋಗಿ ಕಿವಿ ಟಿಕ್ ಎಂದು ತೆರೆದುಕೊಳ್ಳುತ್ತದೆ. ತೆರೆದರೆ ಮುಂದೆ ಇಳಿಯಬಹುದು, ಇಲ್ಲದಿದ್ದರೆ ಇಲ್ಲ. ಒಬ್ಬ ವಿದ್ಯಾರ್ಥಿ ಗಾಬರಿಯಲ್ಲಿ ತಪ್ಪು ಗುಂಡಿ ಒತ್ತಿ, ತೇಲಿಸುವ ಜಾಕೆಟ್ಟಿನ ಗಾಳಿಯೆಲ್ಲ ಹೋಗಿ, ಕಲ್ಲಿನಂತೆ ಕೆಳಗೆ ಹೋದ. ಅವನ ಹಿಂದೆ ನಾನೂ ಹೋದೆ. ಅವನನ್ನು ಹಿಡಿದೆ, ಆದರೆ ಎಡಗಿವಿ ತೆರೆಯುವಷ್ಟು ಸಮಯ ಕೊಟ್ಟಿರಲಿಲ್ಲ. ದೋಣಿಗೆ ಹತ್ತಿದಾಗ ಅವನು ನಗುತ್ತಿದ್ದ. ನನ್ನ ಮೂಗಿನಿಂದ ರಕ್ತ ಬರುತ್ತಿತ್ತು.

ನಮ್ಮ ಡೈವ್ ಕೇಂದ್ರದ ಯಜಮಾನತಿ ಅಂದೇ ನನ್ನ ಹೆಸರನ್ನು ಕೆಲಸದ ಬೋರ್ಡಿನಿಂದ ಒರೆಸಿದಳು. ಕಿವಿ ವಾಸಿಯಾಗುವವರೆಗೆ ನೀರಿಲ್ಲ, ಕೋಣೆ ನಿನ್ನದೇ ಇರುತ್ತದೆ, ಊರಿಗೆ ಹೋಗಿ ಬಾ ಎಂದಳು. ಊತ ಇಳಿದ ಮೇಲೆ ವಿಮಾನ ಹತ್ತಿದೆ. ರಾಜಾಜಿನಗರದ ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಪರದೆ ಹರಿದಿಲ್ಲ, ಹಿಂದೆ ರಕ್ತ ಕಟ್ಟಿದೆ ಎಂದರು. ಮತ್ತೆ ಡೈವ್ ಮಾಡಬಹುದೇ ಎಂದು ಕೇಳಿದೆ.

"ಈಗ್ಲೇ ಹೇಳಕ್ಕಾಗಲ್ಲ. ಕೆಲವರಿಗೆ ಪೂರ್ತಿ ಸರಿಹೋಗತ್ತೆ, ಕೆಲವರಿಗೆ ಇಲ್ಲ. ಕಾಯಿರಿ."

ಕಾದೆ. ಲಗ್ಗೆರೆಯಲ್ಲಿ ಹಗಲು ಹೊತ್ತು ಕಾಯುವುದು ಸುಲಭವಲ್ಲ. ಅಕ್ಕ ಬೆಳಿಗ್ಗೆಯೇ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಭಾವನದು ಶಿಫ್ಟು. ಅಪ್ಪ ತಿಂಡಿ ತಿಂದು ಹಳೆಯ ಗೆಳೆಯರ ಜೊತೆ ಟೀ ಅಂಗಡಿ ಮುಂದೆ ಕೂರುತ್ತಾರೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಲೇತ್ ಯಂತ್ರ ಸದಾ ತಿರುಗುತ್ತಿರುತ್ತದೆ. ಅದರ ಸದ್ದು ನನ್ನ ಬಲಗಿವಿಗೆ ಮಾತ್ರ ಬರುತ್ತಿತ್ತು. ಎಡಗಿವಿಯಲ್ಲಿ ನನ್ನದೇ ಉಸಿರು, ನಾನೇ ನುಂಗುವ ಎಂಜಲು. ಮೆಟ್ಟಿಲ ಮೇಲೆ ಸಿಕ್ಕ ಕೆಳಗಿನ ಮನೆಯಾಕೆ, "ರಜಾನಾ ಅಕ್ಕ? ಸ್ವಿಮ್ಮಿಂಗ್ ಟೀಚರ್ ಅಂತಲ್ಲ ನೀವು?" ಎಂದು ಕೇಳಿದಳು. ಹೌದು ಎಂದೆ. ಅದಕ್ಕಿಂತ ಹೆಚ್ಚು ಮಾತು ಬಹಳ ದಿನ ಯಾರ ಜೊತೆಯೂ ಆಗಲಿಲ್ಲ.

ಒಂಟಿತನ ನನಗೆ ಹೊಸದಲ್ಲ. ದ್ವೀಪದಲ್ಲೂ ಅದೇ ಇದೆ. ಅಲ್ಲಿ ಕನ್ನಡ ಬರುವವರು ಒಬ್ಬರೂ ಇಲ್ಲ. ಅಕ್ಕನಿಗೆ ಫೋನ್ ಮಾಡಿದಾಗ ಮಾತ್ರ ನನ್ನ ಭಾಷೆ, ಅದೂ ಅಪ್ಪನಿಗೆ ಕೇಳಲಿ ಎಂದು ಕೂಗುವುದರಲ್ಲೇ ಮುಗಿಯುತ್ತದೆ. ಪಕ್ಕದ ಕೋಣೆಯವರು ನಾನು ಮನೆಯವರ ಜೊತೆ ಜಗಳವಾಡುತ್ತೇನೆ ಎಂದೇ ತಿಳಿದಿದ್ದಾರೆ. ಆದರೆ ಅಲ್ಲಿ ಒಂದು ಪದ್ಧತಿ ಇದೆ. ನೀರಿಗೆ ಯಾರೂ ಒಬ್ಬರೇ ಇಳಿಯುವಂತಿಲ್ಲ. ಇಳಿಯುವ ಮೊದಲು ಜೊತೆಗಾರರು ಒಬ್ಬರ ಸಲಕರಣೆ ಇನ್ನೊಬ್ಬರು ಮುಟ್ಟಿ ನೋಡಬೇಕು: ಪಟ್ಟಿ ಬಿಗಿಯಾಗಿದೆಯೇ, ಗಾಳಿ ತೆರೆದಿದೆಯೇ. ಎಷ್ಟು ವರ್ಷದ ಅನುಭವವಿದ್ದರೂ ಇದನ್ನು ಬಿಡುವುದಿಲ್ಲ. ದಿನದಲ್ಲಿ ಇನ್ನೊಬ್ಬರ ಕೈ ನನ್ನ ಹೆಗಲಿಗೆ ತಾಗುವುದು ಆಗ ಮಾತ್ರ. ಲಗ್ಗೆರೆಯಲ್ಲಿ ಬೆಳಿಗ್ಗೆ ಎದ್ದಾಗ ನನಗೆ ಮೊದಲು ನೆನಪಾಗುತ್ತಿದ್ದದ್ದು ಸಮುದ್ರವಲ್ಲ, ಆ ಕೈಗಳು.

ಅಕ್ಕನಿಗೆ ನಾನು ವಾಪಸು ಹೋಗುವುದು ಬೇಕಿರಲಿಲ್ಲ. ಅದನ್ನು ಅವಳು ಮುಚ್ಚಿಡಲೂ ಇಲ್ಲ.

"ಕಿವಿ ಹೋದ್ರೆ ಹೋಗ್ಲಿ ಬಿಡೇ. ನಮ್ಮನೇಲಿ ಅದೇನು ದೊಡ್ಡ ವಿಷ್ಯಾನಾ?" ಒಂದು ಸಂಜೆ ಅವರೆಕಾಯಿ ಬಿಡಿಸುತ್ತಾ ಹೇಳಿದಳು. "ಪೇಪರಿಗೇ ಸೇರ್ಕೋ ಮತ್ತೆ. ನಂಗೂ ಜೊತೆ ಆಗತ್ತೆ. ಈ ಇಬ್ರು ಗಂಡಸರಲ್ಲಿ ಒಬ್ರಿಗೆ ಕೇಳ್ಸಲ್ಲ, ಇನ್ನೊಬ್ರು ಕೇಳ್ಸಿದ್ರೂ ಮಾತಾಡಲ್ಲ."

"ಅಲ್ಲಿ ನಂಗೆ ಚೆನ್ನಾಗಿದೆ ಕಣಕ್ಕ."

"ಏನಿದೆ ಅಲ್ಲಿ? ಮೀನು."

ಅಲ್ಲಿನವರ ಬಗ್ಗೆ ಹೇಳಹೊರಟಾಗ ಬಾಯಿಗೆ ಬಂದದ್ದು 'ಕೃತಜ್ಞತೆ' ಎಂಬ ಪದ, ನುಂಗಿಕೊಂಡೆ. ಡೆಸ್ಕಿನಲ್ಲಿದ್ದಾಗ ಆ ಪದ ಕಂಡರೆ ಹೊಡೆದುಹಾಕುತ್ತಿದ್ದೆ. ಬೀಳ್ಕೊಡುಗೆ ಸಮಾರಂಭಗಳ ವರದಿಯಲ್ಲಿ ಬರುವ ಪದ ಅದು. ಯಾರು, ಯಾವುದಕ್ಕೆ, ಏಕೆ ಎಂಬುದಿಲ್ಲದೆ ಬರುತ್ತದೆ. ನನ್ನ ವಿಷಯದಲ್ಲೂ ಆ ಮೂರಕ್ಕೆ ಉತ್ತರ ಬೇಕಿತ್ತು. ಉತ್ತರ ಸಿಕ್ಕಿದ್ದು ಮೆಟ್ರೋದಲ್ಲಿ.

ಕಿವಿ ಒಣಗಿದೆ ಎಂದು ಡಾಕ್ಟರು ಕೊನೆಗೂ ಹೇಳಿದರು. ಆದರೆ ಮೊದಲು ಈಜುಕೊಳದಲ್ಲಿ ಇಳಿದು ನೋಡಬೇಕು. ಅಲ್ಲಿ ತೆರೆದರೆ ಸಮುದ್ರ, ಇಲ್ಲದಿದ್ದರೆ ಈ ಕೆಲಸದ ಆಸೆ ಬಿಡಬೇಕು. ವೈಟ್‌ಫೀಲ್ಡಿನಲ್ಲಿ ಡೈವಿಂಗ್ ಕಲಿಸಲೆಂದೇ ಇರುವ ಆಳದ ಕೊಳವಿದೆ ಎಂದು ಗೊತ್ತಾಯಿತು. ಅಲ್ಲಿನ ತರಬೇತುದಾರ ಜೊತೆಗೆ ಇಳಿಯಲು ಫೋನಿನಲ್ಲೇ ಒಪ್ಪಿದ. ಅಕ್ಕನಿಗೆ ರಜೆ ಸಿಗಲಿಲ್ಲ. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಗೊರಗುಂಟೆಪಾಳ್ಯದಲ್ಲಿ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಕೂರಲು ಜಾಗ ಸಿಕ್ಕ ಮೇಲೆ ಅಪ್ಪ ಬೋಗಿಗೆಲ್ಲ ಕೇಳುವಂತೆ ಕೇಳಿದರು: "ನೀರೊಳಗೆ ಮಾತೆಂಗೆ ಆಡ್ತೀರವ್ವ?"

ಕೈಯಿಂದ ಎಂದು ಕೈಯಲ್ಲೇ ತೋರಿಸಿದೆ. ಅವರ ಮುಖ ಅರಳಿತು. ಪ್ರೆಸ್ ಶಾಪಿನಲ್ಲೂ ಮಾತು ಕೇಳಿಸುವುದಿಲ್ಲ. ಅಲ್ಲಿನವರದೇ ಒಂದು ಕೈಭಾಷೆ ಇತ್ತು, ನಾವು ಚಿಕ್ಕವರಿದ್ದಾಗ ಅದು ಮನೆಗೂ ಬಂದಿತ್ತು. ಬೆರಳುಜ್ಜಿದರೆ ಉಪ್ಪು. ಅಂಗೈಯಿಂದ ಗಾಳಿ ಕಡಿದರೆ ಮಷಿನ್ ನಿಲ್ಲಿಸು. ತೋರುಬೆರಳನ್ನು ಗುಂಡಗೆ ತಿರುಗಿಸಿದರೆ ಮಷಿನ್ ಓಡಿಸು; ಬೆಳಿಗ್ಗೆ ನಾವು ಶಾಲೆಗೆ ಹೊರಟಾಗ ಆಗಿನ್ನೂ ಇದ್ದ ಅಮ್ಮನೂ ಹಾಗೇ ಬೆರಳು ತಿರುಗಿಸಿ ಕಳಿಸುತ್ತಿದ್ದಳು. ನಾನು ಡೈವಿಂಗ್ ಕಲಿತಾಗ ಸನ್ನೆಗಳು ಬೇಗ ಹತ್ತಿದವು ಎಂದು ಗುರುಗಳು ಹೊಗಳಿದ್ದರು. ಕಾರಣ ಅವರಿಗೆ ಗೊತ್ತಿರಲಿಲ್ಲ.

ಒಂದೊಂದೇ ತೋರಿಸಿದೆ. ಕಿವಿ ನೋಯುತ್ತಿದೆ. ಗಾಳಿ ಕಡಿಮೆ ಇದೆ. ಆಮೇಲೆ ಹೆಬ್ಬೆರಳು ಮೇಲೆತ್ತಿದೆ.

"ಅದೇನು?"

"ಸಾಕು, ಮೇಲೆ ಹೋಗೋಣ ಅಂತ." ಅವರ ಬಲಗಿವಿಯ ಹತ್ತಿರ ಬಾಗಿ ಹೇಳಿದೆ.

"ಯಾರು ತೋರಿಸ್ಬೇಕು?"

"ಯಾರು ಬೇಕಾದ್ರೂ. ನಿನ್ನೆ ಸೇರ್ಕೊಂಡೋರೂ ತೋರಿಸ್ಬಹುದು. ತೋರಿಸಿದ್ರೆ ಎಲ್ರೂ ಮೇಲೆ ಬರ್ಬೇಕು."

"ಯಾಕೆ ಅಂತ ಕೇಳಲ್ವಾ?"

"ಕೇಳಂಗಿಲ್ಲ. ಅದೇ ರೂಲು."

ಅಪ್ಪ ಕಿಟಕಿಯ ಕಡೆ ನೋಡಿದರು. ಅವರ ಮಟ್ಟಿಗೆ ಮೆಲ್ಲಗೆ, ಎಂದರೆ ಎದುರು ಸೀಟಿನವರಿಗೆ ಕೇಳುವಷ್ಟು, ಹೇಳಿದರು: "ನಮ್ಮಲ್ಲೂ ನಿಲ್ಸೋ ಕೈ ಇತ್ತು. ಸೂಪರ್‌ವೈಸರ್ ಮಾತ್ರ ಎತ್ಬೇಕಾಗಿತ್ತು, ಅಷ್ಟೇಯ. ಮೊದ್ಲು ಕಿವಿ ಗುಂಯ್ ಅಂದಾಗ ಮೂರು ದಿನ ಮನೇಲಿ ಕೂತಿದ್ರೆ ಇಂಗಾಗ್ತಿರ್ಲಿಲ್ವೇನೋ. ಯಾರ್ನ ಕೇಳೋದು?"

ಬೋಗಿಯಲ್ಲಿ ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡವರು ಫೋನು ನೋಡುತ್ತಿದ್ದರು. ಒಬ್ಬಿಬ್ಬರು ತಲೆ ಎತ್ತಿ ಮತ್ತೆ ಇಳಿಸಿದರು. ಯಜಮಾನತಿ ಬೋರ್ಡಿನಿಂದ ನನ್ನ ಹೆಸರು ಒರೆಸಿದ ದಿನ ನನಗೆ ಅವಮಾನವಾಗಿತ್ತು. ಈಗ ಅದೇ ಚಿತ್ರ ಬೇರೆಯಾಗಿ ಕಂಡಿತು. ನನ್ನ ಒಂದು ಕಿವಿಗಾಗಿ ಅಷ್ಟು ದೂರದ ಊರಿನಲ್ಲಿ, ನನ್ನ ಭಾಷೆ ಗೊತ್ತಿಲ್ಲದ ಹೆಂಗಸೊಬ್ಬಳು ಕೆಲಸ ನಿಲ್ಲಿಸಿದ್ದಳು. ನಾನು ಕೃತಜ್ಞಳಾಗಿರುವುದು ಅದಕ್ಕೆ.

ಕೊಳದ ತರಬೇತುದಾರ ಬೆಳ್ಳಂದೂರಿನ ಹುಡುಗ. ಟೆಕ್ ಪಾರ್ಕಿನವರಿಗೆ ವಾರಾಂತ್ಯದಲ್ಲಿ ಕಲಿಸುತ್ತಾನೆ. "ಅಂಕಲ್, ನೀವು ಇಳೀತೀರಾ?" ಎಂದು ಅಪ್ಪನನ್ನು ಕೇಳಿದ. ಅಪ್ಪನಿಗೆ ಕೇಳಿಸಲಿಲ್ಲ. ತಲೆಯಾಡಿಸಿ, "ಕಾಫಿ ಆಯ್ತಪ್ಪ" ಎಂದರು. ಹುಡುಗ ನಗುತ್ತಲೇ ನನ್ನ ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡಿದ, ಗಾಳಿ ತೆರೆದಿದೆಯೇ ಎಂದು ಮುಟ್ಟಿ ನೋಡಿದ. ನಾನು ಅವನದನ್ನು ನೋಡಿದೆ. ಕೊಳದ ಅಂಚಿಗೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಅಪ್ಪ ಎಲ್ಲವನ್ನೂ ನೋಡುತ್ತಿದ್ದರು.

ಇಳಿದೆವು. ತಲೆ ಮುಳುಗಿ ಸ್ವಲ್ಪ ಕೆಳಗೆ ಹೋಗುವಷ್ಟರಲ್ಲಿ ಬಲಗಿವಿ ತೆರೆಯಿತು. ಎಡಗಿವಿ ತೆರೆಯಲಿಲ್ಲ. ಮತ್ತೆ ಊದಿದೆ. ಯಾರೋ ಒಳಗೆ ಬೆರಳಿಟ್ಟು ಒತ್ತಿದಂತೆ ನೋವು. ಕೊಳದ ತಳ ಕಾಣುತ್ತಿತ್ತು, ನೀಲಿ ಟೈಲ್ಸು, ಅದರ ಮೇಲೆ ಯಾರೋ ಬೀಳಿಸಿದ ಕೂದಲಿನ ಕ್ಲಿಪ್ಪು. ಒಂದು ಕ್ಷಣ, ಜೋರಾಗಿ ಊದಿ ಇಳಿದೇಬಿಡೋಣ ಎನ್ನಿಸಿತು. ಹೆಬ್ಬೆರಳು ಎತ್ತಿದೆ. ಹುಡುಗ ತಾನೂ ಹೆಬ್ಬೆರಳು ಎತ್ತಿದ. ಇಬ್ಬರೂ ಮೇಲೆ ಬಂದೆವು. ಅವನು ಏನೂ ಕೇಳಲಿಲ್ಲ, ಅಂಚು ಹಿಡಿದು ತೇಲುತ್ತಾ ಕಾದ. ನಾನು ಅಪ್ಪನ ಕಡೆ ನೋಡಿದೆ. ಸಾಮಾನ್ಯವಾಗಿ ಅವರು "ಏನಾಯ್ತವ್ವ" ಎಂದು ಕೂಗುತ್ತಿದ್ದರು. ಅವರೂ ಕೇಳಲಿಲ್ಲ.

ಎರಡನೆಯ ಸಲ ಹಗ್ಗ ಹಿಡಿದು ಇಳಿದೆ. ಒಂದು ಗೇಣು ಇಳಿಯುವುದು, ಊದುವುದು, ನಿಲ್ಲುವುದು. ಹುಡುಗ ನನ್ನ ಮುಖದ ಎದುರೇ, ನನ್ನಷ್ಟೇ ನಿಧಾನವಾಗಿ ಇಳಿದ. ಕೊಳದ ಅರ್ಧಕ್ಕೆ ಬಂದಾಗ ಎಡಗಿವಿಯಲ್ಲಿ ಒದ್ದೆ ಕಾಗದ ಬಿಡಿಸಿದಂಥ ಸಣ್ಣ ಸದ್ದಾಯಿತು. ಆಮೇಲೆ ಹೊರಗಿನದೆಲ್ಲ ಒಟ್ಟಿಗೆ ಬಂತು: ಗುಳ್ಳೆಗಳು, ಪಂಪಿನ ಗುನುಗು, ಅವನ ಉಸಿರು, ಎರಡೂ ಕಡೆಯಿಂದ. ತಳಕ್ಕೆ ಹೋಗಿ ಮಂಡಿಯೂರಿ ಕೂತೆ. ಡೈವಿಂಗ್ ಕನ್ನಡಕದೊಳಗೆ ನೀರಿತ್ತು. ಅದು ಎಲ್ಲಿಂದ ಬಂತೋ ನಾನು ನೋಡಲು ಹೋಗಲಿಲ್ಲ.

ಮೇಲೆ ನೋಡಿದೆ. ಅಲುಗುವ ನೀರಿನಾಚೆ ಬಿಳಿ ಅಂಗಿ ಬಾಗಿತ್ತು. ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿ 'ಸರಿಯಿದೆ' ಎಂದು ತೋರಿಸಿದೆ. ಬಿಳಿ ಅಂಗಿಯಿಂದ ಒಂದು ಕೈ ಚಾಚಿತು. ತೋರುಬೆರಳು ಗುಂಡಗೆ ತಿರುಗಿತು, ನಿಧಾನವಾಗಿ, ಎರಡು ಮೂರು ಸಲ.

ಮಷಿನ್ ಓಡಿಸು.

ವಾಪಸು ಬರುವಾಗ ಅಪ್ಪ ಮೆಟ್ರೋದಲ್ಲಿ ನಿದ್ದೆ ಮಾಡಿದರು. ಅವರ ತಲೆ ನನ್ನ ಹೆಗಲಿಗೆ ತಾಗುತ್ತಿತ್ತು, ಬೋಗಿ ಜಗ್ಗಿದಾಗ ಸರಿಯುತ್ತಿತ್ತು. ನನಗೆ ಈಗ ಎರಡೂ ಕಡೆ ಕೇಳಿಸುತ್ತಿತ್ತು, ಮತ್ತು ಹೇಳಲು ಸುದ್ದಿಯಿತ್ತು. ಅವರನ್ನು ಎಬ್ಬಿಸಲಿಲ್ಲ.

ಮನೆಗೆ ಬಂದಾಗ ಅಕ್ಕ ಮುದ್ದೆಗೆ ಎಸರಿಟ್ಟಿದ್ದಳು. ನನ್ನ ಮುಖ ನೋಡಿದಳು. ಕಿವಿ ಏನಾಯಿತೆಂದು ಕೇಳಲಿಲ್ಲ.

"ಯಾವಾಗ ಹೋಗ್ತೀಯ?"

"ಮುಂದಿನ ವಾರ."

ಅವಳು ಹಿಟ್ಟು ಹಾಕಿ ಕೋಲಿನಿಂದ ತಿರುವತೊಡಗಿದಳು. ಬೆನ್ನು ನನ್ನ ಕಡೆಗಿತ್ತು. ನಡುವೆ ಏನೋ ಹೇಳಿದಳು, ಬಹಳ ಮೆಲ್ಲಗೆ. ಆ ಮನೆಯಲ್ಲಿ ಅಷ್ಟು ಮೆಲ್ಲಗೆ ಯಾರೂ ಮಾತಾಡಿದ್ದಿಲ್ಲ. ನನ್ನ ಎಡಗಿವಿ ಅವಳ ಕಡೆಗಿತ್ತು. ಅಪ್ಪನಂತೆ ನನಗೂ ಕೇಳಿಸುವುದಿಲ್ಲ ಎಂಬ ಇಷ್ಟು ದಿನದ ಅಭ್ಯಾಸದಲ್ಲಿ ಆಡಿದ ಮಾತದು.

"ಇಲ್ಲೇ ಇರ್ಬಾರ್ದಾಗಿತ್ತಾ."

ನನಗೆ ಚೆನ್ನಾಗಿ ಕೇಳಿಸಿತು. ತಟ್ಟೆಗಳನ್ನು ತೊಳೆದು ಇಟ್ಟೆ.