ಇಟಲಿಗೆ ಪರಸ್ಥಾನ

ಮೊನ್ನೆ ಬೆಳಿಗ್ಗೆ ಸೀರೆ ತೆಗೆಯೋಣವೆಂದು ಬೀರು ತೆರೆದರೆ ಒಣಕೊಬ್ಬರಿಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಇದೆಲ್ಲಿಂದ ಬಂತಪ್ಪಾ ಎಂದುಕೊಂಡು, ಆಮೇಲೆ ನೆನಪಾಗಿ ಒಬ್ಬಳೇ ನಕ್ಕೆ. ನಡುವಿನ ಶೆಲ್ಫಿನಲ್ಲಿ, ರೇಷ್ಮೆ ಸೀರೆಗಳ ಪಕ್ಕದಲ್ಲಿ, ನನ್ನ ತಂಗಿ ಸರೋಜ ಇಟಲಿಗೆ ಹೊರಟು ಕೂತಿದ್ದಾಳೆ.

ತಂಗಿ ಎಂದರೆ ತಂಗಿಯಲ್ಲ, ಅವಳ ಗಂಟು. ಪರಸ್ಥಾನ ಎಂಬ ಮಾತು ನೀವು ಕೇಳಿರಬಹುದು, ಕೇಳಿರಲಿಕ್ಕಿಲ್ಲ. ಪ್ರಯಾಣದ ದಿನ ಒಳ್ಳೆಯದಲ್ಲದಿದ್ದರೆ ಅದಕ್ಕೆ ಮುಂಚೆ ಬರುವ ಒಂದು ಒಳ್ಳೆಯ ದಿನ ನೋಡಿ, ಒಂದು ವಸ್ತ್ರದಲ್ಲಿ ಪಾವು ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬು, ಜೊತೆಗೆ ದಿನಾ ಬಳಸುವ ಯಾವುದಾದರೂ ಒಂದು ವಸ್ತು ಕಟ್ಟಿ, ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ನೀವು ಹೊರಟಿರಿ. ಆಮೇಲೆ ಮನೆಗೆ ಬಂದು ಉಣ್ಣಿ, ಮಲಗಿ, ಯಾರ ಜೊತೆಯಾದರೂ ಜಗಳವಾಡಿ, ಲೆಕ್ಕಕ್ಕೆ ಮಾತ್ರ ನೀವು ದಾರಿಯಲ್ಲಿದ್ದೀರಿ. ನಿಜವಾಗಿ ಹೊರಡುವ ದಿನ ಆ ಗಂಟನ್ನು ಎತ್ತಿಕೊಂಡು ಮುಂದೆ ಹೋದರಾಯಿತು. ಕಾನ್ವೆಂಟಿನಲ್ಲಿ ಓದಿ, ಮೂವತ್ತು ಚಿಲ್ಲರೆ ವರ್ಷ ತರೀಕೆರೆಯ ಮಕ್ಕಳಿಗೆ ಇಂಗ್ಲಿಷ್ ಗ್ರಾಮರ್ ಕಲಿಸಿದ ನಾನು ಇಂಥದ್ದನ್ನೆಲ್ಲ ಸೂಪರ್‌ಸ್ಟಿಷನ್ ಎಂದು ತಳ್ಳಿಹಾಕಬೇಕಿತ್ತು. ಆದರೆ ಟೂರಿನವರು ವಿಮಾನ ಮಂಗಳವಾರ ಎಂದು ತಿಳಿಸಿದಾಗ ಕಡೂರಿನಿಂದ ಸರೋಜ ಫೋನಿನಲ್ಲಿ ಕೂಗಿದ ಕೂಗಿಗೆ ನನ್ನ ಎಜುಕೇಷನ್ ಎಲ್ಲ ಉಡುಗಿಹೋಯಿತು.

“ಮಂಗಳವಾರ ಯಾರಾದ್ರೂ ಮನೆ ಬಿಡ್ತಾರೇನೇ? ಅದೂ ಅಮಾಸೆ ಹಿಂದ್ಲ ದಿನ! ಆ ವಿಮಾನದೋರಿಗೆ ಹೇಳು, ಗುರುವಾರ ಹೊರಡಿಸ್ಲಿ.”

“ನಮ್ಮಿಬ್ಬರಿಗೋಸ್ಕರ ವಿಮಾನ ಹೊರಡಿಸ್ತಾರೇನೇ?”

“ಹಂಗಾದ್ರೆ ಪರಸ್ಥಾನ ಇಡ್ಬೇಕು. ಮಠದ ಅಯ್ನೋರನ್ನ ಕೇಳ್ದೆ. ಶುಕ್ರವಾರ ಚೆನ್ನಾಗೈತಂತೆ.”

ಇಡುವುದೆಲ್ಲಿ? ನಾನು ಪಕ್ಕದ ಮನೆಯ ಹುಡುಗಿಯನ್ನು ಕೇಳಿದೆ. ಹೊಸದಾಗಿ ಬಂದವಳು, ಒಳ್ಳೆಯವಳು, ಬ್ಯಾಂಕಿನಲ್ಲಿ ಕೆಲಸ. ನಾನು ಅಕ್ಕಿ, ಅರಿಶಿನ, ನನ್ನ ಹಳೇ ಕನ್ನಡಕ ಎಂದು ಒಂದೊಂದಾಗಿ ವಿವರಿಸುತ್ತಿದ್ದ ಹಾಗೇ ಅವಳು ಒಂದೊಂದು ಹೆಜ್ಜೆ ಹಿಂದಕ್ಕೆ ಸರಿದಳು. “ಆಂಟಿ, ಡೋಂಟ್ ಮೈಂಡ್, ಇದು ಮಾಟ ಗೀಟ ಏನೂ ಅಲ್ಲ ತಾನೆ?” ಎಂದಳು. ಕೊನೆಗೆ ಅಕ್ಕತಂಗಿಯರು ಗಂಟು ಅದಲುಬದಲು ಮಾಡಿಕೊಂಡೆವು. ನನ್ನದು ಕಡೂರಿನಲ್ಲಿ ಅವಳ ದೇವರ ಗೂಡಿನ ಕೆಳಗೆ, ಅವಳದು ನನ್ನ ಬೀರುವಿನಲ್ಲಿ. ನನ್ನದೇನೋ ಸರಿ, ಬೆಂಗಳೂರಿನ ರೈಲು ಕಡೂರಿನ ಮೇಲೇ ಹೋಗುತ್ತದೆ. ನಿನ್ನದು ಹಿಂದಕ್ಕೆ ಬಂದಂತಾಯಿತಲ್ಲೇ ಎಂದರೆ ಅವಳು, “ಇಟಲಿ ಇರೋದು ಪಶ್ಚಿಮಕ್ಕೆ ಅಂತ ನೀನೇ ಮ್ಯಾಪ್ ತೋರಿಸ್ಲಿಲ್ವಾ? ಕಡೂರಿಗಿಂತ ತರೀಕೆರೆ ಹತ್ರ ತಾನೆ? ಹಿಂದಕ್ಕೆ ಹೋಗಿರೋದು ನಿನ್ ಗಂಟು, ನಂದಲ್ಲ,” ಎಂದಳು.

ಇಟಲಿ ನನ್ನ ತಲೆಗೆ ಹತ್ತಿದ್ದು ಹಾಸ್ಟೆಲ್ಲಿನ ದಿನಗಳಲ್ಲಿ. ಕಾನ್ವೆಂಟಿನ ವಿಸಿಟರ್ಸ್ ರೂಮಿನಲ್ಲಿ ಪ್ರತಿ ವರ್ಷ ಅಲ್ಲಿಂದ ಬಂದ ಒಂದು ಕ್ಯಾಲೆಂಡರ್ ತೂಗುಹಾಕುತ್ತಿದ್ದರು. ಬಟ್ಟೆ ಒಣಹಾಕಿದ ಗಲ್ಲಿಗಳು, ಕಾಲುವೆಯ ಮೇಲೆ ಕಮಾನು ಸೇತುವೆ, ದಿಬ್ಬದ ಮೇಲೆ ಸಾಲಾಗಿ ನಿಂತ ಚೂಪು ಮರಗಳು. ಊರಿನಿಂದ ನೋಡಲು ಬರುವವರಿಗಾಗಿ ಕಾಯುತ್ತಾ ಕಾಯುತ್ತಾ ಆ ಊರುಗಳಲ್ಲೆಲ್ಲ ಓಡಾಡಿದ್ದೆ. ಕೆಲಸ ಸಿಕ್ಕ ಮೇಲೆ ಪ್ರತಿ ಬೇಸಿಗೆ ರಜಕ್ಕೂ ಒಂದು ಪ್ಲಾನ್. ಒಂದು ವರ್ಷ ಪೇಪರ್ ವ್ಯಾಲ್ಯುಯೇಷನ್, ಒಂದು ವರ್ಷ ಅವ್ವನ ಕಣ್ಣಿನ ಆಪರೇಷನ್, ಆಮೇಲೆ ಅವ್ವ ಹಾಸಿಗೆ ಹಿಡಿದಳು. ಅವ್ವ ಹೋದ ಮೇಲೆ ನನ್ನ ಮಂಡಿ. ಮದುವೆಯಾಗದ ಹೆಂಗಸಿಗೆ ಬಿಡುವಿರುತ್ತದೆ ಎಂದು ತಿಳಿದವರು ಮದುವೆಯಾಗದ ಹೆಂಗಸನ್ನು ಹತ್ತಿರದಿಂದ ನೋಡಿದವರಲ್ಲ.

ಈ ವರ್ಷ ಸರೋಜನೇ ಬೆನ್ನುಬಿದ್ದಳು. ಹಿರೇನಲ್ಲೂರಿನ ಹೊಲದ ಮನೆಗೆ ಸೊಸೆಯಾಗಿ ಹೋದವಳು, ಹಸು, ರಾಗಿ, ಹುರುಳಿ ಎಂದು ಜೀವನ ಕಳೆದವಳು. ಯಜಮಾನರು ತೀರಿಕೊಂಡ ಮೇಲೆ ಕಡೂರಿಗೆ ಬಂದು ಕೂತಿದ್ದಾಳೆ. ವಿಮಾನ ಹತ್ತಬೇಕೆನ್ನುವುದು ಅವಳ ಆಸೆ. ಎಲ್ಲಿಗೆ ಎನ್ನುವುದರ ಬಗ್ಗೆ ಅಂಥ ಹಟವಿಲ್ಲ. ನಾನು ಪ್ರೋಗ್ರಾಂ ಓದಿ ಹೇಳಿದೆ. ರೋಮ್, ಫ್ಲಾರೆನ್ಸ್, ವೆನಿಸ್, ನಡುವೆ ಎರಡು ದಿನ ಹಳ್ಳಿಗಾಡಿನಲ್ಲಿ ಒಂದು ತೋಟದ ಮನೆಯಲ್ಲಿ ವಾಸ.

“ಹಳ್ಳೀಲಾ? ದುಡ್ಡು ಕೊಟ್ಟು ಹೊಲ ನೋಡಕ್ಕೆ ಹೋಗ್ಬೇಕೇನೇ ಅಕ್ಕ? ಹಿರೇನಲ್ಲೂರಿಗೆ ಬಾ, ನಾನು ಪುಕ್ಸಟ್ಟೆ ತೋರಿಸ್ತೀನಿ.”

“ಅಲ್ಲಿ ದ್ರಾಕ್ಷಿ ಬೆಳೀತಾರೆ ಕಣೇ. ಆಲಿವ್ ಮರ ಇರುತ್ತೆ. ಬ್ಯೂಟಿಫುಲ್ ಅಂತೆ.”

“ಕಳೆ ಕೀಳೋರಿಗೆ ಯಾವ್ ಹೊಲಾನೂ ಬ್ಯೂಟಿಫುಲ್ ಅಲ್ಲ. ಹೋಗ್ಲಿ ಬಿಡು, ಅಲ್ಲಿ ಕೂತು ನೋಡೋಣ, ಬೇರೆಯೋರು ಕೀಳ್ಲಿ.”

ಅವಳಿಗೆ ಇಷ್ಟು ಹುರುಪು. ನನಗೋ, ನಿಜ ಹೇಳುತ್ತೇನೆ, ದಿನ ಹತ್ತಿರ ಬಂದಷ್ಟೂ ಸುಸ್ತು. ವೀಸಾಕ್ಕೆಂದು ಬೆಂಗಳೂರಿಗೆ ಹೋದಾಗ ಮೆಷಿನ್ನು ನನ್ನ ಬೆರಳಚ್ಚನ್ನು ಹಿಡಿಯಲೇ ಇಲ್ಲ. “ಒರೆಸ್ಕೊಂಡು ಮತ್ತೆ ಇಡಿ ಮ್ಯಾಡಮ್” ಎಂದು ಆ ಹುಡುಗಿ ಎಷ್ಟು ಸಲ ಹೇಳಿದಳೋ. ಗೆರೆಗಳೆಲ್ಲ ಸವೆದುಹೋಗಿವೆಯಂತೆ. ಆಮೇಲೆ ಇನ್ಶೂರೆನ್ಸು, ಆಮೇಲೆ ಶೂ. ಇಡೀ ಆಯುಷ್ಯ ಚಪ್ಪಲಿಯಲ್ಲಿ ಕಳೆದ ಕಾಲುಗಳನ್ನು ಈ ವಯಸ್ಸಿನಲ್ಲಿ ಶೂಗಳೊಳಗೆ ತೂರಿಸಿ ಮನೆಯೊಳಗೇ ನಡೆದು ಅಭ್ಯಾಸ ಮಾಡಿದೆ. ಕ್ಯಾಲೆಂಡರಿನಲ್ಲಿ ನಡೆದಾಡುವಾಗ ಕಾಲು ನೋಯುತ್ತಿರಲಿಲ್ಲ. ಬೀರುವಿನ ಮುಂದೆ ಆ ಕೊಬ್ಬರಿ ವಾಸನೆಯಲ್ಲಿ ನಿಂತಾಗ ನನಗೆ ಅನ್ನಿಸಿದ್ದು ಇಷ್ಟೇ: ಬೇಡ. ಸಾಕು. ಗಂಟು ವಾಪಸ್ ತಂದುಬಿಡೋಣ.

ವಾಪಸ್ ತರುವುದಕ್ಕೂ ನಮ್ಮ ಮನೆಯಲ್ಲಿ ಒಂದು ಪದ್ಧತಿಯುಂಟು. ಅದನ್ನು ಹೇಳಬೇಕಾದರೆ ನಿಮ್ಮನ್ನು ನಾವು ಬೆಳೆದ ಊರು ಅಜ್ಜಂಪುರಕ್ಕೆ ಕರೆದುಕೊಂಡು ಹೋಗಬೇಕು.

ನಮ್ಮ ಮನೆ ಬೀದಿಯ ಕೊನೆಯದು, ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿತ್ತು. ಹಾಗಾಗಿ ಇಡೀ ಬೀದಿಯವರ ಪರಸ್ಥಾನ ನಮ್ಮಲ್ಲೇ. ನಡುಮನೆಯ ಗೂಟಗಳಲ್ಲಿ ಯಾವಾಗಲೂ ಒಂದೆರಡು ಗಂಟು ನೇತಾಡುತ್ತಿದ್ದವು. ಒಬ್ಬರ ಹೆಗಲ ವಲ್ಲಿ, ಒಬ್ಬರ ಛತ್ರಿ, ಗಂಡನ ಮನೆಗೆ ಹೊರಟ ಹುಡುಗಿಯ ಕುಪ್ಪಸದ ಕಣ. ಅವ್ವ ಅವುಗಳ ಕೆಳಗೆ ಕಸಬರಿಕೆ ಆಡಿಸುತ್ತಿರಲಿಲ್ಲ, ಕೈಯಿಂದ ಬಳಿದು ತೆಗೆಯುತ್ತಿದ್ದಳು. ದೀಪ ಹಚ್ಚುವಾಗ ಗೂಟಗಳ ಕಡೆ ತಿರುಗಿ, “ಹುಷಾರಾಗಿ ಹೋಗ್ಬನ್ರಪ್ಪಾ” ಎನ್ನುತ್ತಿದ್ದಳು. ಆ ಗಂಟಿನವರು ಅದೇ ಹೊತ್ತಿಗೆ ಎದುರು ಜಗುಲಿಯ ಮೇಲೆ ಎಲೆ ಅಡಿಕೆ ಹಾಕುತ್ತಾ ಕೂತಿರುತ್ತಿದ್ದರು.

ರುದ್ರಣ್ಣ ಎಂದು ಒಬ್ಬರಿದ್ದರು, ಕೊಬ್ಬರಿ ವ್ಯಾಪಾರ. ಕಾಶಿಗೆ ಹೋಗುತ್ತೇನೆಂದು ಗಂಟು ಇಟ್ಟರು. ಹೋಗಲಿಲ್ಲ. ಒಂದು ಸುಗ್ಗಿ ಕಳೆಯಿತು, ಇನ್ನೊಂದು ಕಳೆಯಿತು. ದಿನಾ ಬೆಳಿಗ್ಗೆ ನಮ್ಮ ಬಾಗಿಲ ಮುಂದೆ ಹಾದುಹೋಗುವಾಗ ಮಾತ್ರ ಮುಖ ಆಚೆ ತಿರುಗಿಸುತ್ತಿದ್ದರು, ಒಳಗೆ ತಮ್ಮನ್ನೇ ಯಾರೋ ಕಟ್ಟಿ ನೇತುಹಾಕಿದ್ದಾರೋ ಎನ್ನುವಂತೆ. ಅಕ್ಕಿಗೆ ಹುಳ ಬಿದ್ದಾಗ ಅವ್ವ ಹೊಸ ಅಕ್ಕಿ ಹಾಕಿ ಮತ್ತೆ ಕಟ್ಟಿದಳು. “ಅವ್ರು ಹೋಗೋದೇ ಇಲ್ವಲ್ಲವ್ವಾ, ವಾಪಸ್ ಕೊಟ್ಬಿಡು” ಎಂದು ನಾನು. “ಹೊರಟೋರನ್ನ ಹಿಂದಕ್ಕೆ ಕರೀಬಾರ್ದು ಕಣೇ” ಎಂದು ಅವ್ವ.

ಅವ್ವ ಒಂದೇ ಒಂದು ಸಲ ತನ್ನ ಗಂಟು ಕಟ್ಟಿದಳು. ಬೀದಿಯ ಹೆಂಗಸರೆಲ್ಲ ಸೇರಿ ಬಸ್ಸು ಮಾಡಿಕೊಂಡು ಗೋಕರ್ಣಕ್ಕೆ ಹೋಗುವುದೆಂದಾಯಿತು. ಅವ್ವನಿಗೆ ದೇವರಿಗಿಂತ ಸಮುದ್ರ ನೋಡುವ ಆಸೆ. ಬೀರೂರು, ಕಡೂರು ದಾಟದ ಹೆಂಗಸು. ನಮ್ಮದೇ ಕೊನೆಯ ಮನೆಯಾದ್ದರಿಂದ ಅವಳ ಗಂಟು ಇಡಲು ಮುಂದೆ ಮನೆಯಿರಲಿಲ್ಲ, ರೈಲ್ವೆ ಗೇಟಿನ ಗೇಟ್‌ಮನ್ ಹೆಂಡತಿಯ ಹತ್ತಿರ ಇಟ್ಟು ಬಂದಳು. ನಾನು ದಸರಾ ರಜಕ್ಕೆ ಬಂದಿದ್ದೆ. ಬಸ್ಸು ಹೊರಡುವ ಹಿಂದಿನ ದಿನ ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಬಸ್ಸು ಹೋಯಿತು. ಸಂಜೆ ಅವ್ವ ತಾನೇ ಗೇಟಿನವರೆಗೆ ನಡೆದು ಹೋಗಿ ಗಂಟು ತಂದಳು. ಬಿಚ್ಚಿ, ಆ ಪಾವು ಅಕ್ಕಿಗೆ ಬೆಲ್ಲ, ಅದೇ ಕೊಬ್ಬರಿ ತುರಿದು ಹಾಕಿ ಪಾಯಸ ಮಾಡಿ ನಮಗೆಲ್ಲ ಬಡಿಸಿದಳು.

“ಹೋಗಿ ಬಂದೆ ಅಂತ ತಿಳ್ಕೊಳ್ಳಿ,” ಎಂದಳು.

“ಸಮುದ್ರ ಹೆಂಗಿತ್ತವ್ವಾ?” ಎಂದು ನಾನು.

“ಚೆನ್ನಾಗಿತ್ತು. ನಮ್ ಬುಕ್ಕಾಂಬುಧಿ ಕೆರೆ ಥರಾನೇ. ಆಚೆ ದಡ ಒಂದು ಹಾಕಿಸೋದು ಮರ್ತುಬಿಟ್ಟವ್ರೆ.”

ನಾವು ನಕ್ಕು ನಕ್ಕು ಪಾಯಸ ನೆತ್ತಿಗೇರಿಸಿಕೊಂಡೆವು. ನಾನು ಈ ಕಥೆಯನ್ನು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿದ್ದೇನೋ. ನಮ್ಮವ್ವ ವಾಸ್ ಎ ಫಿಲಾಸಫರ್, ಎಂದು ಮುಗಿಸುತ್ತಿದ್ದೆ.

ಮೊನ್ನೆ ಪ್ಯಾಸೆಂಜರ್ ಗಾಡಿಯಲ್ಲಿ ಕಡೂರಿಗೆ ಹೋಗುವಾಗ ನನ್ನ ತಲೆಯಲ್ಲಿದ್ದದ್ದು ಆ ಪಾಯಸವೇ. ಸರೋಜನ ಅಡುಗೆಮನೆಯಲ್ಲೇ ಮಾಡೋಣ, ಇಬ್ಬರೂ ತಿನ್ನೋಣ, ರೋಮ್ ಹೇಗಿತ್ತು ಎಂದು ಅವಳು ಕೇಳಲಿ, ನಾನು ಹೇಳುತ್ತೇನೆ. ದಾರಿಯಲ್ಲಿ ಒಂದೆರಡು ಜೋಕು ಕೂಡ ಯೋಚಿಸಿಟ್ಟುಕೊಂಡೆ.

ಸರೋಜ ಅಂಗಳದಲ್ಲಿ ಚಟ್ನಿಪುಡಿಗೆ ಮೆಣಸಿನಕಾಯಿ ಹರಡಿದ್ದಳು. ಇಟಲಿಗೆ. ನಾನು ಕೂತು, ನೀರು ಕುಡಿದು, ವಿಷಯ ಹೇಳಿದೆ. ಸುಸ್ತು ಕಣೇ, ಆಗಲ್ಲ, ಅವ್ವ ಮಾಡಿದ ಹಾಗೆ ಮಾಡಿಬಿಡೋಣ ಎಂದೆ. ಅವಳು ನಗುತ್ತಾಳೆಂದುಕೊಂಡಿದ್ದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ನನ್ನನ್ನೇ ನೋಡಿದಳು.

“ನೀನು ಪಾಯಸ ತಿಂದು ಹಾಸ್ಟ್ಲಿಗೆ ಹೊಂಟೋದೆ. ಆಮೇಲೇನಾಯ್ತು ಗೊತ್ತೇನೇ ನಿಂಗೆ?”

“ಏನಾಯ್ತು?”

“ಅವ್ವ ಆ ಗೂಟಗಳ್ನೆಲ್ಲ ಕೀಳಿಸ್ಬಿಟ್ಲು. ರುದ್ರಣ್ಣೋರ್ ಗಂಟು ಅವ್ರ ಮನೆಗೇ ಹೋಗಿ ಕೊಟ್ಟು ಬಂದ್ಲು. ಅವತ್ತಿಂದ ಯಾರ್ ಬಂದ್ರೂ, ನಮ್ಮನೇಲಿ ಇಡ್ಬೇಡ್ರವ್ವ, ಇಲ್ಲಿಂದ ಯಾರೂ ಮುಂದಕ್ಕೆ ಹೋಗಲ್ಲ ಅಂತಿದ್ಲು. ಒಂದ್ ಗಂಟೂ ಇಟ್ಕೊಳ್ಳಲಿಲ್ಲ, ಆಮೇಲೆ.”

ಗೂಟಗಳಿಲ್ಲದ ಗೋಡೆ ನನಗೆ ನೆನಪಿತ್ತು. ಸುಣ್ಣ ಬಳಿಸುವಾಗ ತೆಗೆದಿರಬೇಕು ಎಂದುಕೊಂಡಿದ್ದೆ.

“ನೀನು ಅದ್ನ ಎಲ್ರ ಮುಂದೂ ನಗ್ತಾ ಹೇಳ್ತೀಯ. ಹೇಳು, ಬ್ಯಾಡ ಅನ್ನಲ್ಲ. ಅವ್ವಾನೂ ನಗ್ಲಿ ಅಂತ್ಲೇ ಮಾಡಿದ್ಲು.” ಅವಳು ಎದ್ದು ಒಳಗೆ ಹೋಗಿ ನನ್ನ ಗಂಟು ತಂದು ನನ್ನ ಮುಂದಿಟ್ಟಳು. “ತಗಂಡೋಗಂಗಿದ್ರೆ ತಗಂಡೋಗು. ಈ ಮನೇಲಿ ಪಾಯಸ ಮಾಡಕ್ಕೆ ಬಿಡಲ್ಲ. ನೀನಿಲ್ದೆ ನಾನೆಲ್ಲಿಗೆ ಹೋಗ್ಲಿ? ಅಲ್ಲಿ ನೀರು ಕೇಳಕ್ಕೂ ನಂಗೆ ಬಾಯಿಲ್ಲ.”

ಅವಳ ದನಿ ಒಂದಿಷ್ಟೂ ಏರಲಿಲ್ಲ. ಏರಿದ್ದರೆ ನಾನೂ ಎರಡು ಮಾತು ಆಡಿ, ಸಿಟ್ಟು ಮಾಡಿಕೊಂಡು, ಗಂಟು ಎತ್ತಿಕೊಂಡು ಬಂದುಬಿಡುತ್ತಿದ್ದೆ. ವಸ್ತ್ರದೊಳಗೆ ನನ್ನ ಕನ್ನಡಕದ ಕಡ್ಡಿ ಉಬ್ಬಿ ಕಾಣುತ್ತಿತ್ತು. ನಾನು ಅದನ್ನು ಮುಟ್ಟಲಿಲ್ಲ. “ಮಂಡಿ ನೋವು ಕಣೇ,” ಎಂದೆ.

“ನಂಗಿಲ್ವಾ? ಇಬ್ರೂ ನಿಧಾನಕ್ಕೆ ಹೋಗೋಣ. ರೋಮು ಎಲ್ಲಿಗೋಗ್ತದೆ?”

ಸಂಜೆಯ ಗಾಡಿಗೆ ಹೊರಡೋಣವೆಂದು ಎದ್ದರೆ ಅವಳು ಬಾಗಿಲಿಗೆ ಅಡ್ಡ ನಿಂತಳು. ಗಂಟು ಇಟ್ಟ ಮನೆಯವರೆಗೂ ಬಂದವರು ಮತ್ತೆ ತಮ್ಮ ಮನೆಗೆ ತಿರುಗಿ ಹೋಗಬಾರದಂತೆ. ಈ ಶಾಸ್ತ್ರ ಅಯ್ನೋರು ಹೇಳಿದ್ದೋ ಅವಳೇ ಆಗಷ್ಟೇ ಮಾಡಿದ್ದೋ, ನಾನು ಕೇಳಲಿಲ್ಲ. “ನನ್ ಗಂಟು ತರಕ್ಕೆ ನಾನು ತರೀಕೆರೆಗೆ ಹೋಗ್ಲೇಬೇಕಲ್ಲ, ನಿನ್ ಸೂಟ್‌ಕೇಸೂ ತಂದ್ಬಿಡ್ತೀನಿ. ಬೀಗದ ಕೈ ಕೊಡು,” ಎಂದು ಕೈ ಚಾಚಿದಳು. ಕೊಟ್ಟೆ.

ಹಾಗಾಗಿ ಇದನ್ನು ಕಡೂರಿನಲ್ಲಿ, ತಂಗಿಯ ಸೀರೆ ಉಟ್ಟುಕೊಂಡು, ಮೆಣಸಿನಕಾಯಿಗೆ ಕಾವಲು ಕೂತು ಬರೆಯುತ್ತಿದ್ದೇನೆ. ಸುಸ್ತೇನೂ ಹೋಗಿಲ್ಲ. ಮಂಡಿ ಹಾಗೇ ಇದೆ. ರೋಮಿನ ಕಲ್ಲುಹಾಸಿನ ಬೀದಿಗಳನ್ನು ನೆನೆಸಿಕೊಂಡು ಆಗಾಗ ಅದನ್ನು ಒತ್ತಿಕೊಳ್ಳುತ್ತೇನೆ. ಈಗಷ್ಟೇ ಸರೋಜ ನನ್ನ ಮನೆಯಿಂದ ಫೋನ್ ಮಾಡಿದ್ದಳು.

“ಅಕ್ಕಾ, ಗ್ಯಾಸ್ ಆಫ್ ಮಾಡ್ದೆ. ಮೇನ್ ಸ್ವಿಚ್ಚೂ ಆರಿಸ್ದೆ. ಮೊಸರು ಐತಲ್ಲ, ಏನ್ ಮಾಡ್ಲಿ?”

ಆ ಹೆಪ್ಪು ಅವ್ವ ಇದ್ದಾಗಿನಿಂದಲೂ ನಡೆದುಕೊಂಡು ಬಂದದ್ದು. ಒಂದು ದಿನವೂ ಕೆಡಲು ಬಿಟ್ಟಿಲ್ಲ.

“ಪಕ್ಕದ್ಮನೆ ಹುಡುಗಿಗೆ ಕೊಡು,” ಎಂದೆ. “ದಿನಾ ಹಾಲಿಗೆ ಒಂದು ಚಮಚ ಹಾಕ್ತಿರಬೇಕು ಅಂತ ಹೇಳು. ನಾವು ಬರೋದು ತಡವಾಗುತ್ತೆ.”