ಮಾವನ ಕಿವಿಗೆ ಹೆಡ್‌ಫೋನ್

ಬನಹಟ್ಟಿಯ ನಮ್ಮ ಸೋದರಮಾವನ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ, ಕೂಗುತ್ತಾರೆ. ಕೆಳಗೆ ಪವರ್‌ಲೂಮಿನ ಶೆಡ್ಡು, ಪಕ್ಕದಲ್ಲಿ ಅಡಿಗೆಮನೆ, ಮೇಲೆ ಒಂದು ಖೋಲಿ. ಮಗ್ಗಗಳು ಬೆಳಿಗ್ಗೆ ಶುರುವಾದರೆ ಉಪ್ಪು ಬೇಕೆಂದರೂ ಕೂಗಿಯೇ ಕೇಳಬೇಕು. ಸೂಟಿಯ ದಿನ ಮಗ್ಗ ನಿಂತಿದ್ದರೂ ರೂಢಿ ಬಿಡದು. ನಾನು ಮುಧೋಳದವನು. ನಮ್ಮಲ್ಲಿ ನಾಯಿಗಳೇ ಇದಕ್ಕಿಂತ ಮೆಲ್ಲಗೆ ಮಾತಾಡುತ್ತವೆ.

ಮೇಲಿನ ಆ ಖೋಲಿಯಲ್ಲಿ ನಾನೂ ಮಾವನ ಮಗನೂ ಗಿಟಾರ್ ಬಾರಿಸುತ್ತಿದ್ದೆವು. ನಿಜ ಹೇಳಬೇಕೆಂದರೆ ಬಾರಿಸುತ್ತಿದ್ದವನು ಅವನು. ನಾನು ಬಾರಿಸುವವರ ಮುಖ ಮಾಡುತ್ತಿದ್ದೆ. ಕಣ್ಣು ಮುಚ್ಚುವುದು, ತುಟಿ ಕಚ್ಚುವುದು, ತಲೆ ಹಿಂದಕ್ಕೆ ಎಸೆಯುವುದು, ಎಲ್ಲ ಬರುತ್ತಿತ್ತು. ಬೆರಳಿಗೆ ಬರುವುದಷ್ಟೇ ಬಾಕಿ. ದೇವರು ನನಗೆ ಕೊಟ್ಟಿದ್ದು ಗಂಟಲು. ಕಂಡಕ್ಟರು, ಪಾಳಿಗೆ ಕೂಗುವ ಸಕ್ಕರೆ ಕಾರ್ಖಾನೆಯ ಭೋಂಗಾ, ಮಾವ, ಯಾರು ಬೇಕಾದರೂ ಆ ಗಂಟಲಲ್ಲಿ ಬಂದು ಕೂಡುತ್ತಿದ್ದರು. ಒಮ್ಮೆ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಆಂಪ್ಲಿಫೈಯರಿನ ಡಬ್ಬಿ ತೋರಿಸಿ, "ಒಳಗೇನೈತ್ಪಾ?" ಎಂದ. "ನಾಯಿ ಐತ್ರಿ" ಎಂದು ಬಾಯಿ ಮುಚ್ಚಿಕೊಂಡೇ ಬೊಗಳಿ ತೋರಿಸಿದೆ. ಅವನು ನಗಲಿಲ್ಲ. "ನಾಯಿಗೂ ಟಿಕೀಟ್ ಐತಿ" ಎಂದು ಹರಿದು ಕೈಗಿಟ್ಟ.

ನಮ್ಮ ಗಿಟಾರಿನ ಗದ್ದಲಕ್ಕೆ ಮಾವನ ತಕರಾರು ಏನೆಂದು ಕೇಳಿದರೆ ನೀವು ನಂಬಲಿಕ್ಕಿಲ್ಲ. ಗದ್ದಲ ಹೆಚ್ಚಾಯಿತೆಂದಲ್ಲ. ಅಷ್ಟು ಮಗ್ಗಗಳ ನಡುವೆ ಕೂತು, ಯಾವ ಮಗ್ಗದ ಸಪ್ಪಳ ಎಲ್ಲಿ ಕೆಟ್ಟಿದೆ ಎಂದು ಅವರು ಕಿವಿಯಿಂದಲೇ ಹಿಡಿಯುತ್ತಾರೆ. ಮೇಲಿಂದ ನನ್ನ ಗಿಟಾರ್ ಕಿರ್ರೆಂದರೆ ಯಾವುದೋ ಬೇರಿಂಗು ಹೋಯಿತೆಂದು ಮಗ್ಗ ನಿಲ್ಲಿಸಿ, ಪಟ್ಟಿ ಬಿಚ್ಚಿ, ಎಣ್ಣೆ ಹಾಕುತ್ತಿದ್ದರು. ಸುಖಾಸುಮ್ಮನೆ ಎಣ್ಣೆ ಕುಡಿದು ಕುಡಿದು ಮೂಲೆಯ ಮಗ್ಗ ಸೀರೆಯ ಮೇಲೇ ಕಕ್ಕಿತು. ಮರುದಿನ ಮಾವ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದರು.

"ಇನ್ನೊಮ್ಮಿ ಮ್ಯಾಲಿಂದ ಒಂದ್ ಸಪ್ಪಳ ಕೇಳಬೇಕು. ನೂಲಿನ ಗಂಟ ಎಲ್ಲಾ ತಂದು ಆ ಖೋಲ್ಯಾಗ ತುಂಬತೇನಿ. ನಾ ಹೇಳೂದು ಏನಂದ್ರ…"

ಅವರ ಮಾತು ಯಾವಾಗಲೂ ಅಲ್ಲಿಗೇ ನಿಲ್ಲುತ್ತದೆ. ಹೇಳುವುದು ಏನೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ. ಆದರೆ ನೂಲಿನ ಗಂಟಿನ ಮಾತು ಖರೆ ಇತ್ತು. ಮಾವನ ಮಗನಿಗೆ ಇಡೀ ಮನೆಯಲ್ಲಿ ತನ್ನದೆಂಬುದು ಆ ಖೋಲಿಯೊಂದೇ. ಅವನು ಆ ರಾತ್ರಿ ಊಟಕ್ಕೇ ಇಳಿಯಲಿಲ್ಲ. ನಾನು ಇಳಿದು ಅವನ ಪಾಲಿನ ರೊಟ್ಟಿಯನ್ನೂ ತಿಂದೆ. ದುಃಖ ಯಾರಾದರೂ ಹಂಚಿಕೊಳ್ಳಬೇಕಲ್ಲ.

ಹೆಡ್‌ಫೋನ್ ಹಾಕಿಕೊಂಡರೆ ಸಪ್ಪಳವೇನೋ ಹೊರಗೆ ಹೋಗದು. ಆದರೆ ನನ್ನ ಆಂಪಿನ ಹೆಡ್‌ಫೋನಿನಲ್ಲಿ ನಾನೊಬ್ಬನೇ, ಅವನದರಲ್ಲಿ ಅವನೊಬ್ಬನೇ. ಒಂದೇ ಮಂಚದ ಮೇಲೆ ಕೂತು ಇಬ್ಬರೂ ಬೇರೆ ಬೇರೆ ಊರಿನಲ್ಲಿದ್ದಂತೆ ಬಾರಿಸುತ್ತಿದ್ದೆವು. ಆಗ ಜಮಖಂಡಿಯಲ್ಲಿ ಮೈಕ್ ಸೆಟ್ ಬಾಡಿಗೆ ಕೊಡುವವನೊಬ್ಬ, ಕೂಸಿಗೆ ಹೆಸರಿಡುವ ಬಾರಸಿ ಕಾರ್ಯಗಳಲ್ಲಿ ದುಡಿದು ದಣಿದ ಒಂದು ಪುಟ್ಟ ಮಿಕ್ಸರ್ ಕೊಟ್ಟ. ನಾಲ್ಕು ಚಾನೆಲ್ಲು, ಆಯುಧಪೂಜೆಯ ಕುಂಕುಮ ಮೆತ್ತಿಕೊಂಡು ಅಕ್ಷರ ಕಾಣದ ತಿರುಗಣಿಗಳು. "ಸ್ಪೀಕರ್‌ಗೆ ಹೋಗೂ ವಾಯರ್ ಇದಕ್ಕ ಹಚ್ಚಬ್ಯಾಡ. ಸುಟ್ಟ ಹೊಕ್ಕೈತಿ. ಹೆಡ್‌ಫೋನ್ ತೂತಿನಿಂದ ತಗೊಂಡ ಹಚ್ಚು" ಎಂದ. ಸರಿ, ಎರಡೂ ಆಂಪುಗಳ ಹೆಡ್‌ಫೋನ್ ತೂತಿನಿಂದ ಒಂದೊಂದು ವಾಯರ್ ತಂದು ಮಿಕ್ಸರಿಗೆ ಕೊಟ್ಟೆವು. ಅಲ್ಲಿ ಪಿನ್ನು ಹೊಕ್ಕ ಕೂಡಲೇ ಆಂಪಿನ ಸ್ಪೀಕರ್ ಬಾಯಿ ಮುಚ್ಚುತ್ತದೆ. ನನ್ನನ್ನು ಎಡಗಿವಿಗೆ, ಅವನನ್ನು ಬಲಗಿವಿಗೆ ತಿರುಗಿಸಿ, ಮಿಕ್ಸರಿನಿಂದ ಕವಲು ಪಿನ್ನಿನಲ್ಲಿ ಎರಡು ಹೆಡ್‌ಫೋನ್ ತೆಗೆದೆವು. ಮೊದಲು ಎಮ್ಮೆ ಗುಂಯ್‌ಗುಟ್ಟಿದಂತೆ ಸಪ್ಪಳ ಬಂತು. ಎರಡೂ ಆಂಪನ್ನು ಒಂದೇ ಕರೆಂಟು ಬೋರ್ಡಿಗೆ ಚುಚ್ಚಿದ ಮೇಲೆ ಎಮ್ಮೆ ಸುಮ್ಮನಾಯಿತು.

ಆಗ ನಾವಿಬ್ಬರೂ ಮೊದಲ ಸಲ ಒಬ್ಬರನ್ನೊಬ್ಬರು ಸರಿಯಾಗಿ ಕೇಳಿದೆವು. ಮಾವ ಮಗ್ಗಕ್ಕೆ ಎಣ್ಣೆ ಹಾಕಿದ್ದು ತಪ್ಪಲ್ಲವೆಂದು ನನಗೆ ಆ ಕ್ಷಣವೇ ಅರಿವಾಯಿತು.

ಒಂದು ಚಾನೆಲ್ಲಿಗೆ ಮೈಕ್ ಹಚ್ಚಿದೆವು, ಕಿವಿ ಮುಚ್ಚಿಕೊಂಡವರು ಮಾತಾಡಿಕೊಳ್ಳಲು ಬೇಕಲ್ಲ ಎಂದು. ಮೈಕ್ ಕೈಗೆ ಬಂದಮೇಲೆ ನನ್ನ ಗಿಟಾರ್ ಕೆಳಗಿಳಿಯಿತು, ಮಾವ ಗಂಟಲಿಗೆ ಬಂದರು. ಕೆಳಗೆ ಮಗ್ಗಗಳು ಖಟಪಟ ಎನ್ನುವಾಗ ಮೇಲೆ ನಾನು ಎಷ್ಟು ಕೂಗಿದರೂ ಯಾರಿಗೆ ಕೇಳುತ್ತದೆ? ಕರೆಂಟು ಹೋಗಿ ಮಗ್ಗ ನಿಂತರೆ ನಮ್ಮ ಹೆಡ್‌ಫೋನೂ ಸತ್ತು ನಮಗೆ ಸೂಚನೆ ಕೊಡುತ್ತದೆ. ಹೀಗೆ ಲೆಕ್ಕ ಹಾಕಿದವನು ನಾನೇ. ಪಿಯುಸಿಯಲ್ಲಿ ವಿಜ್ಞಾನ ಓದಿದವನು.

ಒಂದು ಮಧ್ಯಾಹ್ನ ತ್ರೀ ಫೇಸ್ ಹೋಯಿತು. ಮಗ್ಗಗಳಿಗೆ ಮೂರೂ ಫೇಸ್ ಬೇಕು, ಒಂದು ಹೋದರೂ ನಿಲ್ಲುತ್ತವೆ. ಮನೆಯ ದೀಪ, ಫ್ಯಾನು, ಮೇಲಿನ ಮಿಕ್ಸರಿಗೆ ಒಂದೇ ಸಾಕು. ಕೆಳಗೆ ಶೆಡ್ಡು ಗಪ್ಪೆಂದಿತು. ನೇಕಾರರು ಎಲೆಅಡಿಕೆ ಬಿಚ್ಚಿ ಕೂತರು. ನಮ್ಮ ಕಿವಿಯಲ್ಲಿ ಎಲ್ಲ ಎಂದಿನಂತೆ ನಡೆದಿತ್ತು, ಮತ್ತು ನಾನು ನನ್ನ ಜೀವಮಾನದ ಅತ್ಯುತ್ತಮ ಮಾವನಾಗಿದ್ದೆ. ಮೊದಲು ನೇಕಾರರ ಮೇಲೆ ಗುಡುಗಿದೆ. ಆಮೇಲೆ, ಮಾವನಿಗೆ ಸಿಹಿ ಬಂದ್ ಮಾಡಿದ್ದ ಅತ್ತೆಯ ಎದುರಿನ ಮಾವನಾಗಿ, "ಹೂಂ… ಆತು… ನೀ ಹೇಳಿದಂಗ… ಚಾದಾಗ ಸಕ್ಕರಿ ಯಾಕ, ಬ್ಯಾಡ ಬಿಡು" ಎಂದು ಮೆತ್ತಗಾದೆ.

ಮಾವನ ಮಗ ನಗುವುದನ್ನು ಬಿಟ್ಟು ಬಾಗಿಲು ನೋಡತೊಡಗಿದ. ನನ್ನ ಕಲೆಗೆ ಬೆರಗಾದನೆಂದು ತಿಳಿದು ಇನ್ನಷ್ಟು ಏರಿಸಿದೆ. "ನಾ ಹೇಳೂದು ಏನಂದ್ರ…" ಎಂದು ತಿರುಗಿದರೆ ಬಾಗಿಲಲ್ಲಿ ಮಾವ. ತುಟಿ ಅಲ್ಲಾಡುತ್ತಿದ್ದವು. ಹೆಡ್‌ಫೋನ್ ಕೆಳಗಿಳಿಸಿದೆ.

"ಮುಂದ ಹೇಳಪಾ ಅಳಿಯಾ" ಎಂದರು. "ನಾ ಏನ್ ಹೇಳಾವಿದ್ದೆ?"

ಗಂಟಲಲ್ಲಿ ಯಾರೂ ಇರಲಿಲ್ಲ. ನಾನೂ ಇರಲಿಲ್ಲ.

"ಸಾಮಾನ ಕಟ್ಟು" ಎಂದರು ಮಗನಿಗೆ. "ನೂಲ ಮ್ಯಾಲ ಬರತೈತಿ."

ಮಾವನ ಮಗ ಅಪ್ಪನೆದುರು ಬಾಯಿ ತೆರೆದವನೇ ಅಲ್ಲ. ಅವತ್ತು ತೆರೆದ. "ಅಪ್ಪಾ, ಒಂದ್ಸಲ ಕೇಳು. ಆಮ್ಯಾಲ ನೂಲರ ಇಡು, ಹತ್ತಿಯರ ಇಡು." ಎಂದವನೇ ನನ್ನ ಹೆಡ್‌ಫೋನ್ ಕಸಿದು ಅಪ್ಪನ ತಲೆಗೆ ಏರಿಸಿದ. ಟೋಪಿಯ ಮೇಲೆಯೇ. ಮಾವ ಮಂಚದ ತುದಿಗೆ ಕೂತರು.

ಅವನು ಬಾರಿಸಿದ. ನಾನೂ ಬಾರಿಸಿದೆ. ಏನೂ ಕೇಳಿಸದಿದ್ದರೂ ನನಗೆ ಹೆಚ್ಚಿನ ಫರಕು ಬೀಳಲಿಲ್ಲ. ಮಾವನ ಹುಬ್ಬು ಮೊದಲು ಗಂಟಿಕ್ಕಿತು. ಆಮೇಲೆ ಕತ್ತು ತೂಗಿತು. ಆಮೇಲೆ ಕೂಗಿದರು, ಹೆಡ್‌ಫೋನ್ ಹಾಕಿಕೊಂಡ ಎಲ್ಲರೂ ಕೂಗುವಂತೆ. ಬನಹಟ್ಟಿಯವರೆಂದ ಮೇಲೆ ಇಮ್ಮಡಿಯಾಗಿ.

"ಎಡಗಿವ್ಯಾಗ ಇರಾಂವ ಯಾರ್ಲೇ?"

ನಾನು ಕೈ ಎತ್ತಿದೆ.

"ಮೂಲಿ ಮಗ್ಗ ಇದಽ ಏನು! ಬಲಗಡಿದು ಛಲೋ ಐತಿ."

ಮಗನ ಮುಖ ಅರಳಿತು. ಮಾವ ಬಾಗಿಲ ಕಡೆ ಕಳ್ಳನಂತೆ ನೋಡಿ, ಮುಂದೆ ಬಾಗಿ, ಬಾಯಿಗೆ ಅಂಗೈ ಅಡ್ಡ ಹಿಡಿದರು. ಗುಟ್ಟು ಹೇಳುತ್ತಿದ್ದೇನೆಂದು ಅವರ ನಂಬಿಕೆ. ಧ್ವನಿ ಮಾತ್ರ ರಬಕವಿಯವರೆಗೆ ಹೋಗುವಂತಿತ್ತು.

"ಖೋಲಿ ಬೇಕಂದ್ರ ಒಂದ್ ಕೆಲಸ ಮಾಡ್ರಿ. ಬಸ್‌ಸ್ಟ್ಯಾಂಡ ಮುಂದಿಂದು ಜಿಲೇಬಿ ಕಟ್ಟಿಸಿಕೊಂಡ ಬಂದು ಇಲ್ಲೇ ಇಡ್ರಿ. ವಾಕಿಂಗ್ ವಾಕಿಂಗ್ ಅಂತ ಸುಳ್ಳ ಹೇಳಿ ದಿನಾ ಅಲ್ಲೀತನಕ ಹೋಗೂದು ಸಾಕಾಗೇತಿ. ನಿಮ್ಮವ್ವಗ ಗೊತ್ತಾಗಬಾರ್ದ ಮತ್ತ."

ಕೆಳಗೆ ನೇಕಾರರಲ್ಲಿ ಒಬ್ಬರಿಗೆ ಕೆಮ್ಮು ಬಂತು. ನೋಡನೋಡುತ್ತ ಎಲ್ಲರಿಗೂ ಕೆಮ್ಮು ಬಂತು. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದವು, ಹೆಡ್‌ಫೋನ್ ಹಾಕಿಕೊಂಡ ಅಪ್ಪ-ಮಗನನ್ನು ಬಿಟ್ಟು ಉಳಿದ ಎಲ್ಲರಿಗೂ. ಮಗ ಮತ್ತೆ ಬಾರಿಸತೊಡಗಿದ್ದ, ಮಾವ ಕಣ್ಣು ಮುಚ್ಚಿ ತಾಳ ಹಾಕುತ್ತಿದ್ದರು.

ಅತ್ತೆ ಬಂದು, ಹಿಟ್ಟಿನ ಕೈಯಿಂದಲೇ ಗಂಡನ ಕಿವಿಯ ಹೆಡ್‌ಫೋನ್ ತೆಗೆದರು. ಎರಡೂ ಕೆನ್ನೆಯ ಮೇಲೆ ಜೋಳದ ಹಿಟ್ಟಿನ ಬೆರಳು ಮೂಡಿದವು.

"ವಾಕಿಂಗ್ ಹೆಂಗಾತ್ರಿ?" ಎಂದು ಕೇಳಿದರು.

"ಹೂಂ" ಎಂದರು ಮಾವ. "ಆತು." ನನ್ನ ಅನುಕರಣೆ ಎಷ್ಟು ಪಕ್ಕಾ ಇತ್ತೆಂದು ಹೇಳಲು ಅದು ಸಮಯವಾಗಿರಲಿಲ್ಲ.

"ನೂಲ ಅಡಗಿಮನಿ ಬಾಜೂಕ ಇಡಸ್ರಿ. ಈ ಖೋಲಿ ಹುಡುಗೂರಿಗೇ ಇರ್ಲಿ" ಎಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, "ವಾರಕ್ಕೊಮ್ಮಿ ನಿಮ್ಮ ಮಾವನ್ನ ಇಲ್ಲಿ ಕುಂಡ್ರಸಿ ಇದನ್ನ ಹಾಕು. ಇದರಾಗ ಖರೆ ಹೇಳ್ತಾರ."

ಅಷ್ಟರಲ್ಲಿ ತ್ರೀ ಫೇಸ್ ಬಂತು. ಮಗ್ಗಗಳೆಲ್ಲ ಒಟ್ಟಿಗೆ ಎದ್ದು ಮನೆ ನಡುಗಿಸಿದವು. ಅತ್ತೆ ಇಳಿಯಲು ತಿರುಗಿದ್ದೇ ತಡ, ಮಾವ ಮಂಚದ ಮೇಲಿನ ಮೈಕ್ ಎತ್ತಿ, ಬೆನ್ನು ಹಾಕಿ ನಿಂತು ತುಟಿ ಅಲ್ಲಾಡಿಸಿದರು. ನನಗೆ ಏನೂ ಕೇಳಿಸಲಿಲ್ಲ. ಹೆಡ್‌ಫೋನ್ ಇನ್ನೂ ಕಿವಿಯಲ್ಲಿದ್ದ ಅವರ ಮಗ ಮಾತ್ರ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ಮಾವ ಮೈಕ್ ಇಟ್ಟು, ಗಂಭೀರವಾಗಿ ಹೆಂಡತಿಯ ಹಿಂದೆ ಇಳಿದರು.

"ಏನಂದ್ರಲೇ?" ಎಂದು ಅವನ ಕಿವಿಯಲ್ಲಿ ಕೂಗಿದೆ.

"ಜಿಲೇಬಿ ಬ್ಯಾಡಂತ, ಕೈಗೆ ಅಂಟತಾವು" ಎಂದ. "ಪೇಡೆ ತರ್ರಿ ಅಂದಾನ."